ಗಡಿಗೆಪ್ಪ ಜಪಾನಿನಿಂದ ಅಳು ತರಿಸಿದ್ದು

ಹೆಂಡತಿಯ ಮಣ್ಣಿನ ದಿನ ಅಳದೆ ಉಳಿದವನು ಗಡಿಗೆಪ್ಪ ಒಬ್ಬನೇ. ಶಾಮಿಯಾನ ಬಾಡಿಗೆಗೆ ಕೊಟ್ಟವನು ಸಹ ಅತ್ತ. ಬೇರೆ ಯಾರದೋ ಮಣ್ಣಿಗೆಂದು ಬಂದು, ಓಣಿ ತಪ್ಪಿ ಇಲ್ಲಿ ಕೂತಿದ್ದ ಪೋತ್ನಾಳದ ಮುದುಕನೊಬ್ಬ ಮನಸಾರೆ ಅತ್ತು, ಮೂಗು ಒರೆಸಿಕೊಂಡು, ಆಮೇಲೆ ತೀರಿಕೊಂಡವರು ಯಾರೆಂದು ವಿಚಾರಿಸಿದ.

ಮಾನ್ವಿಯ ಆ ಓಣಿಯಲ್ಲಿ ಅಳುವುದಕ್ಕೊಂದು ಪದ್ಧತಿಯಿದೆ. ಅಯ್ಯಮ್ಮ ಎಂಬ ಹಿರಿಯಳು ಬಂದು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುತ್ತಾಳೆ, ಹತ್ತಿರದವರ ಕೊರಳು ತಬ್ಬುತ್ತಾಳೆ, ತಬ್ಬಿಸಿಕೊಂಡವರು ಬಿಕ್ಕುತ್ತಾರೆ. ಅಯ್ಯಮ್ಮ ತಬ್ಬಿದ ಮೇಲೂ ಒಣಗಿ ಉಳಿದ ಮುಖ ಆ ಓಣಿಯ ಚರಿತ್ರೆಯಲ್ಲಿ ಇರಲಿಲ್ಲ. ಅಂದು ಅವಳು ಗಡಿಗೆಪ್ಪನ ಕೊರಳಿಗೆ ಬಿದ್ದು, “ರೊಟ್ಟಿ ಬಡಿಯೂ ಕೈ ಎಲ್ಲಿಟ್ಟು ಹೋದ್ಯವ್ವಾ ವಿಜಯವ್ವಾ” ಎಂದು ದನಿಯೆತ್ತಿ, ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಅವನ ಮುಖ ನೋಡಿದಳು. ಗಡಿಗೆಪ್ಪ ಮೇಲೆ ನೋಡುತ್ತಿದ್ದ.

“ಯವ್ವಾ, ಒಂಚೂರು ಬಿಡು. ಆ ಹಗ್ಗ ಸಡ್ಲಾಗ್ಯಾದ. ಶಾಮಿಯಾನ ಮಂದಿ ಮ್ಯಾಲ ಬೀಳ್ತದ.”

ಬಿಡಿಸಿಕೊಂಡು ಹೋಗಿ ಹಗ್ಗ ಬಿಗಿದು ಬಂದ. ಅವನು ರೈಸ್ ಮಿಲ್ಲಿನಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುವವನು. ಸಡಿಲವಾದದ್ದು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

ಇದನ್ನು ಅವನ ಅತ್ತೆ, ಅರಕೇರಾದ ಶರಣಮ್ಮ, ಮಗಳ ಹೆಣದ ಪಕ್ಕ ಕೂತು ನೋಡಿದಳು. ಅವಳ ಹೊಟ್ಟೆಯಲ್ಲಿ ಮೊದಲೇ ಒಂದು ಬೆಂಕಿಯಿತ್ತು. ರಾಯಚೂರಿನ ದವಾಖಾನೆಯಲ್ಲಿ ವಿಜಯಶ್ರೀ ಕಣ್ಣು ಮುಚ್ಚಿದಾಗ ಗಂಡ ಪಕ್ಕದಲ್ಲಿರಲಿಲ್ಲ. ಕೆಳಗೆ ಜೂಸಿನ ಬಂಡಿಯ ಮುಂದೆ ನಿಂತಿದ್ದ. ಇದನ್ನು ಕಣ್ಣಾರೆ ಕಂಡವರು ಇದ್ದರು, ಕಂಡವರು ಅರಕೇರಾದವರೆಗೂ ಹೇಳಿಕೊಂಡು ಹೋಗಿದ್ದರು.

“ನನ್ನ ಮಗಳ ಜೀವ ಹೋಗಾಗ ಜೂಸ್ ಕುಡಿಯಾಕ ಹೋಗಿದ್ದಿ. ಈಗ ಹಗ್ಗ ಕಟ್ಟಾಕತ್ತೀದಿ,” ಎಂದು ಶರಣಮ್ಮ ಎದ್ದು ನಿಂತಳು. ಅಲ್ಲಿಯವರೆಗೆ ‘ಅಳಿಯಂದ್ರ, ಬರ್ರಿ, ಉಣ್ರಿ’ ಎನ್ನುತ್ತಿದ್ದವಳು ಆ ಗಳಿಗೆಯಿಂದ ಏಕವಚನಕ್ಕಿಳಿದಳು. “ಎಲ್ಲಾರೂ ಕೇಳ್ರಿ. ಕೂಸಿನ್ನ ನಾ ಒಯ್ತೀನಿ. ವರ್ಷದ ಕಾರ್ಯಕ್ಕ ಕರ್ಕೊಂಡು ಬರ್ತೀನಿ. ಆವತ್ತು ಸಮಾಧಿ ಮುಂದ ಇವನ ಕಣ್ಣಾಗ ನೀರು ಬಂದ್ರ ಕೂಸಿನ್ನ ಬಿಟ್ಟು ಹೋಗ್ತೀನಿ. ಬರಲಿಲ್ಲಂದ್ರ ಇವಗ ಹೆಂಡ್ತೀನೂ ಇಲ್ಲ, ಮಗಳೂ ಇಲ್ಲ.”

ಆರು ವರ್ಷದ ಗಂಗೋತ್ರಿ ಅಜ್ಜಿಯ ಸೊಂಟದ ಮೇಲಿಂದ ಕೈಬೀಸಿ ಹೋದಳು. ಗಡಿಗೆಪ್ಪ ಬಂದವರಿಗೆಲ್ಲ ಚಹಾ ಮುಟ್ಟಿತೇ ಎಂದು ಕೇಳುತ್ತ ನಿಂತ.

ಅಳು ಬರಿಸಿಕೊಳ್ಳಲು ಅವನು ಪ್ರಯತ್ನಿಸಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಉಳ್ಳಾಗಡ್ಡಿ ಹೆಚ್ಚಿದ. ಕಣ್ಣು ಉರಿದವು, ನೀರು ಬರಲಿಲ್ಲ. ಹೆಚ್ಚಿದ್ದನ್ನು ಕೆಡಿಸಬಾರದೆಂದು ರೊಟ್ಟಿಯ ಜೊತೆ ತಿಂದ. ವಿಜಯಶ್ರೀಯ ಸೀರೆಗಳನ್ನು ಹೊರಗೆ ತೆಗೆದು ಮುಂದೆ ಹರವಿಕೊಂಡು ಕೂತ. ಒಂದರ ಅಂಚು ಬಿಚ್ಚಿದ್ದು ಕಂಡು ಹೊಲಿದುಬಿಟ್ಟ. ಕೊನೆಗೆ ರಾಯಚೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ. ಅವರು ರೆಪ್ಪೆ ಮಗುಚಿ, ಬೆಳಕು ಬಿಟ್ಟು ನೋಡಿದರು.

“ದಾರಿ ಎಲ್ಲಾ ಸಾಫ್ ಅದ್ರಿ. ನೀರು ಬರಾಕ ಏನೂ ಅಡ್ಡಿ ಇಲ್ಲ.”

“ಮತ್ತ ಯಾಕ ಬರವಲ್ದ್ರಿ ಸಾಹೇಬ್ರ?”

“ಅದನ್ನ ನನ್ನ ಕೇಳಿದ್ರ? ನಾ ಬರೇ ನಳ ನೋಡೂ ಡಾಕ್ಟರ್. ನೀರು ಬಿಡಾಂವ ನಾನಲ್ಲ.”

ಮುಂದಿನ ಉಪಾಯ ಹೇಳಿದವನು ಅಲ್ತಾಫ್. ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ಅಂಗಡಿಯಿಟ್ಟ ಅಲ್ತಾಫ್ ಓಣಿಯಲ್ಲಿ ಗಡಿಗೆಪ್ಪನ ಪಕ್ಕದ ಮನೆಯವನು. ಪ್ರಪಂಚದ ಯಾವ ತೊಂದರೆಗೂ ಫೋನಿನಲ್ಲಿ ಏನೋ ಒಂದು ಇದ್ದೇ ಇರುತ್ತದೆಂದು ನಂಬಿದವನು.

“ಭಾಯ್, ಜಪಾನ್‌ದವ್ರು ಮಂದೀನ ಅಳಸಾಕಂತನ ಆಟ ಮಾಡ್ಯಾರ.”

“ಆಟ ಆಡಿ ಯಾರರ ಅಳ್ತಾರೇನೊ? ಸೋತ್ರೇನು?”

“ಸೋಲೂದೂ ಇಲ್ಲ, ಗೆಲ್ಲೂದೂ ಇಲ್ಲ. ಒಂದು ಹುಡುಗಿ ಚಿತ್ರ ಬರ್ತದ, ಕೆಳಗ ಮಾತು ಬರ್ತಾವ. ಓದೂದು, ಬಟ್ಟು ಒತ್ತೂದು. ಅಲ್ಲಲ್ಲಿ ಎರಡು ದಾರಿ ಕೊಟ್ಟು ‘ಯಾವ್ದು?’ ಅಂತ ಕೇಳ್ತದ. ಮೊದಲಿಗೆ ನಿಮ್ಮನ್ನ ಭಾಳ ನಗಸ್ತಾರ. ಆಕಿ ಮ್ಯಾಲ ಜೀವ ಬರೂ ಹಾಂಗ ಮಾಡ್ತಾರ. ಜೀವ ಬಂತು ಅಂತ ಗೊತ್ತಾದ ಕೂಡ್ಲೆ ಆಕಿನ್ನ ಜಡ್ಡು ಬೀಳಸ್ತಾರ. ಆಮ್ಯಾಲ…” ಅಲ್ತಾಫನ ದನಿ ಒಡೆಯಿತು. “ನಾ ಅಂಗಡಿ ಬಾಗ್ಲ ಹಾಕ್ಕೊಂಡು ಅತ್ತೀನಿ ಭಾಯ್. ಗಿರಾಕಿ ಹೊರಗ ನಿಂತು ಬಾಗ್ಲ ಬಡದ್ರೂ ತೆಗೀಲಿಲ್ಲ.”

ಗಡಿಗೆಪ್ಪ ಯೋಚಿಸಿದ. ಹೊಲಕ್ಕೆ ಯಂತ್ರ, ರಸ್ತೆಗೆ ಗಾಡಿ, ಮಿಲ್ಲಿಗೆ ಮೋಟಾರು ಮಾಡಿ ಜಗತ್ತಿಗೆ ಕಳಿಸಿದ ದೇಶ ಅಳುವನ್ನೂ ಮಾಡಿ ಕಳಿಸಿದ್ದರೆ ಅದು ಕೆಟ್ಟ ಮಾಲಾಗಿರಲಿಕ್ಕಿಲ್ಲ. ಫೋನು ಮುಂದೆ ಚಾಚಿದ.

ಆಟದ ಮಾತುಗಳು ಇಂಗ್ಲಿಷಿನಲ್ಲಿದ್ದವು. ಗಡಿಗೆಪ್ಪನ ಇಂಗ್ಲಿಷು ಅಕ್ಕಿ ಚೀಲದ ಮೇಲಿನ ಅಚ್ಚಿಗೆ ಮುಗಿಯುತ್ತಿತ್ತು. ಹಾಗಾಗಿ ಅಲ್ತಾಫನ ಹೆಂಡತಿ ಮುಸರ್ರತ್, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಸಂಜೆ ಅಂಗಡಿಯ ಗಾಜಿನ ಮೇಜಿನ ಹಿಂದೆ ಕೂತು ಕನ್ನಡದಲ್ಲಿ ಹೇಳುವುದು, ಗಡಿಗೆಪ್ಪ ಒತ್ತುವುದು ಎಂದಾಯಿತು. ಹುಡುಗಿಯ ಹೆಸರು ಮಿದೊರಿ. ಮುಖದ ಅರ್ಧ ಕಣ್ಣೇ, ಕೂದಲು ಬದನೆಕಾಯಿ ಬಣ್ಣ. ಒಲೆಯ ಮೇಲೆ ಅನ್ನ ಇಟ್ಟು ಮರೆಯುವವಳು, ಬೇರೆಯವರ ಚಪ್ಪಲಿ ಹಾಕಿಕೊಂಡು ಹೋಗುವವಳು. ಗಡಿಗೆಪ್ಪ ನಕ್ಕ. ವಿಜಯಶ್ರೀ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಎರಡು ದಾರಿ ಬಂದಾಗಲೆಲ್ಲ ಊರ ಪಂಚಾಯಿತಿಗೆ ಕೂತವನಂತೆ ತೂಗುತ್ತಿದ್ದ.

“ಛತ್ರಿ ಆಕೀಗೆ ಕೊಟ್ಟು ತೊಯ್ಸಿಕೊಂಡು ಹೋಗೂದಾ, ಇಬ್ರೂ ಕೂಡಿ ಹೋಗೂದಾ ಅಂತ ಕೇಳ್ತದಣ್ಣಾ,” ಎಂದಳು ಮುಸರ್ರತ್.

“ಆಕಿ ಮನಿ ಎಷ್ಟು ದೂರದ್ರಿ?”

“ಅದನ್ನ ಹೇಳಿಲ್ಲ.”

“ದೂರ ಇದ್ರ ಕೂಡಿ ಹೋಗೂದ ಚೊಲೋ. ಒಬ್ಬಾಕೀನ ಹ್ಯಾಂಗ ಕಳಸೂದು?”

ಹೀಗೆ ಮಳೆಗಾಲ ಕಳೆಯಿತು, ಆಟದಲ್ಲಿ. ಆಮೇಲೆ ಹುಡುಗಿ ಕೆಮ್ಮಿದಳು.

ಗಡಿಗೆಪ್ಪ ಮಂಕಾದ. ಒಗೆದ ಅಂಗಿ ತೊಟ್ಟು ಸಂಜೆ ಹೊರಟವನನ್ನು ಕಟ್ಟೆಯ ಮೇಲಿದ್ದ ಅಯ್ಯಮ್ಮ ತಡೆದಳು.

“ದಿನಾ ಎಲ್ಲಿಗೊ ಹೊಂಟೀದಿ?”

“ಹುಡುಗಿ ನೋಡಾಕ ಯವ್ವಾ. ಮಿದೊರಿ ಅಂತ. ಜಡ್ಡು ಬಿದ್ದು ದವಾಖಾನಿ ಸೇರ್ಯಾಳ. ಕೆಮ್ಮಿದ್ರ ರಕ್ತ. ಹೂ ಅರಳೂ ತನಕ ಅಷ್ಟ ಅಂದಾರ.”

“ತಂದಿ ತಾಯಿ?”

“ಯಾರೂ ಇಲ್ಲ. ನಾ ಹೋದ್ರ ಉಂಟು.”

ಗಡಿಗೆಪ್ಪ ಸುಳ್ಳು ಹೇಳುವವನಲ್ಲ. ಅದೇ ಅವನ ಮುಖ್ಯ ದೋಷ. ಹೆಂಡತಿ ಸತ್ತು ವರ್ಷ ತುಂಬುವ ಮೊದಲೇ ಒಬ್ಬಳನ್ನು ಇಟ್ಟುಕೊಂಡಿದ್ದಾನೆಂದು ಓಣಿ ಒಂದು ಬೆಳಗ್ಗೆ ಪೂರ್ತಿ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ‘ರಕ್ತ ಕಾರ್ತಾಳಂತ, ಹಿಂದು ಮುಂದು ಯಾರಿಲ್ಲಂತ’ ಎಂಬುದು ತಲುಪಿತು. ಆ ಓಣಿಯಲ್ಲಿ ಜಡ್ಡಿನವರ ಮೇಲೆ ಸಿಟ್ಟು ಇಟ್ಟುಕೊಳ್ಳುವ ರೂಢಿಯಿಲ್ಲ. ಸಂಜೆಗೆ ಗಡಿಗೆಪ್ಪನ ಮನೆಯಲ್ಲಿ ಬ್ರೆಡ್ಡು, ಬಾಳೆಹಣ್ಣು, ಎಳನೀರು ರಾಶಿ ಬಿದ್ದವು.

“ಯಾವ ದವಾಖಾನ್ಯಾಗ ಅದಾಳಪಾ? ರಾಯಚೂರಾ?”

“ಅಲ್ರಿ, ಭಾಳ ದೂರ.”

“ಹೈದರಾಬಾದಾ?”

“ಸಮುದ್ರದಾಚಿಗೆ ಅದ್ರಿ. ಅದು ಬರೇ ಚಿತ್ರ, ಫೋನಿನಾಗ…”

“ಫೋನಿನಾಗಷ್ಟ ನೋಡಾಕ ಬಿಡ್ತಾರ? ಅಯ್ಯ ಪಾಪ. ಹಾಂಗಿದ್ರ ಜಡ್ಡು ಭಾಳ ಏರ್ಯಾದ ಬಿಡು.”

ಹೇಳಿದಷ್ಟೂ ಅದು ಗಟ್ಟಿಯಾಯಿತು. ದರ್ಗಾದ ಪೀರಾ ಸಾಬ್ ಮಂತ್ರಿಸಿದ ದಾರ ತಂದ. ಹುಡುಗಿಯ ಮುಂಗೈ ಎಲ್ಲಿ ಎಂದು ಕೇಳಿದ. ಗಡಿಗೆಪ್ಪ ಫೋನು ತೋರಿಸಿದ. ಪೀರಾ ಸಾಬ್ ಹಿಂದುಮುಂದು ತಿರುಗಿಸಿ ನೋಡಿ, “ಖುದಾನಿಗೆ ದೂರ ಇಲ್ಲಪಾ,” ಎಂದು ದಾರವನ್ನು ಫೋನಿಗೇ ಸುತ್ತಿ ಗಂಟು ಹಾಕಿದ. ಅದು ಸರಿಯಾಗಿ ಕ್ಯಾಮೆರಾದ ಮೇಲೆ ಬಿತ್ತು.

ಮರುದಿನ ಆಶಾ ಕಾರ್ಯಕರ್ತೆ ಮಿನಾಜ್ ಕಫದ ಡಬ್ಬಿಗಳೊಂದಿಗೆ ಬಾಗಿಲಲ್ಲಿ ನಿಂತಳು.

“ಅಣ್ಣಾರ, ಕ್ಷಯದ ಪೇಷಂಟ್ ಮುಚ್ಚಿಡಬಾರ್ದು. ಮ್ಯಾಲಿಂದ ನನಗ ಬೈತಾರ. ಹೆಸರು?”

“ಮಿದೊರಿ.”

“ಊರು?”

“ಜಪಾನ್.”

“ಅದು ಯಾವ ಪಿ.ಎಚ್.ಸಿ.ಗೆ ಬರ್ತದ್ರಿ? ಪೋತ್ನಾಳಕ್ಕಾ, ಹಿರೇಕೊಟ್ನೆಕಲ್‌ಗಾ?”

“ಗೊತ್ತಿಲ್ರವ್ವಾ.”

“ಹಾಂಗಂದ್ರ ನಮ್ಮ ಲಿಮಿಟ್‌ನ್ಯಾಗಿಲ್ಲ ಬಿಡ್ರಿ,” ಎಂದು ಮಿನಾಜ್ ನಿರಾಳವಾಗಿ ಉಸಿರು ಬಿಟ್ಟಳು. ಹೋಗುವ ಮುನ್ನ ಹುಡುಗಿಯನ್ನು ದಿನಾ ಹತ್ತಿರದಿಂದ ನೋಡುವವನೆಂದು ಗಡಿಗೆಪ್ಪನದೇ ಕಫ ತುಂಬಿಸಿಕೊಂಡು ಹೋದಳು. ಅದರಲ್ಲೂ ಏನೂ ಸಿಗಲಿಲ್ಲ.

ಇಷ್ಟು ಸುದ್ದಿ ಅರಕೇರಾ ಮುಟ್ಟದೆ ಇದ್ದೀತೇ? ಆಟದ ಕೊನೆಯ ಭಾಗ ಬಂದ ಸಂಜೆ ಅಲ್ತಾಫನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಹೊತ್ತಿಗೆ ಅಲ್ತಾಫ್ ಫೋನು ತೋರಿಸಿ ಬಹಳ ಜನಕ್ಕೆ ವಿಷಯ ತಿಳಿಸಿದ್ದ. ಹುಡುಗಿ ಬರೀ ಚಿತ್ರ ಎಂದು ತಿಳಿದದ್ದರಿಂದ ಯಾರ ದುಃಖವೂ ಕಡಿಮೆಯಾಗಿರಲಿಲ್ಲ. ಅಯ್ಯಮ್ಮನ ಬಾಯಲ್ಲಿ ಅವಳು ಮಿದ್ರವ್ವ ಆಗಿದ್ದಳು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವಲ್ಲ, ಕೆಲವರು ರೊಟ್ಟಿ ಬುತ್ತಿಯನ್ನೂ ಕಟ್ಟಿಕೊಂಡು ಬಂದಿದ್ದರು. ಮುಸರ್ರತ್ ಓದುತ್ತ ಬಿಕ್ಕುತ್ತಿದ್ದಳು. ಅಲ್ತಾಫ್ ಗಿರಾಕಿಯ ಫೋನು ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಅಯ್ಯಮ್ಮ, “ಅನ್ನ ಹೊತ್ತಸೂ ಕೈ ಎಲ್ಲಿಟ್ಯವ್ವಾ ಮಿದ್ರವ್ವಾ” ಎಂದು ಮುಂಗಡವಾಗಿ ಶುರು ಮಾಡಿದ್ದಳು.

ಆಗ ಅರಕೇರಾ ಹಾದು ಬರುವ ದೇವದುರ್ಗದ ಬಸ್ಸಿಳಿದ ಶರಣಮ್ಮ ಜನರನ್ನು ಸೀಳಿಕೊಂಡು ಒಳಗೆ ಬಂದಳು.

“ಎಲ್ಲಿ ಅದಾಳ ಆಕಿ? ನನ್ನ ಮಗಳ ಮಣ್ಣು ಇನ್ನೂ ಆರಿಲ್ಲ!”

ಎಲ್ಲರೂ ಫೋನಿನತ್ತ ಬೆರಳು ತೋರಿಸಿದರು. ಶರಣಮ್ಮ ಬಗ್ಗಿ ನೋಡಿದಳು. ಬಿಳಿ ಹಾಸಿಗೆಯ ಮೇಲೆ ಬದನೆಕಾಯಿ ಬಣ್ಣದ ಕೂದಲು ಚೆಲ್ಲಿಕೊಂಡು ಅರ್ಧ ಮುಖದ ಕಣ್ಣಿನ ಹುಡುಗಿ ಮಲಗಿದ್ದಳು.

“ಇದು ಗೊಂಬಿ!”

“ಗೊಂಬಿ ಅನಬ್ಯಾಡ್ರೀ,” ಅಯ್ಯಮ್ಮ ತಡೆದಳು. “ಕಡೀ ಗಳಿಗಿ ಅದ.”

ಶರಣಮ್ಮ ಅಳುವ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ನಡುವೆ ಒಣಗಿದ ಮುಖ ಒಂದೇ ಇತ್ತು.

“ಅಯ್ಯ ಶಿವನ, ಇದಕ್ಕೂ ಅಳಂಗಿಲ್ಲೇನು ಇಂವ?”

ಅಷ್ಟರಲ್ಲಿ ಮುಸರ್ರತ್ ಮುಂದಿನ ಮಾತು ಓದಿದಳು. “ಆಕಿ ಅಂತಾಳ: ನನಗ ಭಾಳ ನೀರಡಿಕಿ ಆಗ್ಯಾದ. ಕೆಳಗ ಹೋಗಿ ಹಣ್ಣಿನ ರಸ ತಂದ್ಕೊಡ್ತೀಯಾ?” ಕಣ್ಣೊರೆಸಿಕೊಂಡಳು. “ಎರಡು ದಾರಿ ಅದಾವಣ್ಣಾ. ಒಂದು, ಹೋಗಿ ತರ್ತೀನಿ. ಇನ್ನೊಂದು, ಇಲ್ಲೇ ಕೂಡ್ತೀನಿ.”

ಗಡಿಗೆಪ್ಪನ ಬೆರಳು ಗಾಜಿನ ಮೇಲೆ ನಿಂತಿತು.

“ಮೂರನೇದ್ದು ಇಲ್ಲೇನ್ರಿ?”

“ಇಲ್ಲಣ್ಣಾ. ಎರಡ.”

“ಹೋದ್ರ ಏನಾಗ್ತದ ಅಲ್ತಾಫಾ? ನೀ ಮೊದಲ ಆಡೀದ್ಯಲ್ಲ.”

ಅಲ್ತಾಫ್ ನೆಲ ನೋಡಿದ. “ತರೂದ್ರಾಗ ಹೋಗಿರ್ತಾಳ ಭಾಯ್.”

“ಕೂತ್ರ?”

“ನೀರಡಿಸಿ ಹೋಗ್ತಾಳ.”

ಜನ ಇನ್ನೊಂದು ಸುತ್ತು ಬಿಕ್ಕಿದರು. ಗಡಿಗೆಪ್ಪ ಬೆರಳು ತೆಗೆಯಲಿಲ್ಲ, ಇಳಿಸಲೂ ಇಲ್ಲ. ಚೀಲ ಇಷ್ಟು ಹೊಲಿದೆ, ಇಷ್ಟು ಉಳಿದವು ಎಂದು ಮಿಲ್ಲಿನಲ್ಲಿ ಹೇಳುವ ದನಿಯಲ್ಲೇ ಹೇಳಿದ:

“ವಿಜಯಾನೂ ಮುಸಂಬಿ ರಸ ಬೇಕಂದ್ಲು ಅತ್ತೀ. ನಾ ಕೂಡ್ತೀನಿ ಅಂದೆ. ಬಾಯಿ ಆರ್ಯಾದ, ಹೋಗಿ ತಾ ಅಂದ್ಲು. ಬಂಡಿ ಮುಂದ ಗದ್ಲ ಇತ್ತು. ಗ್ಲಾಸ್ ಹಿಡ್ಕೊಂಡು ಮೆಟ್ಲ ಹತ್ತಿದೆ. ಚೆಲ್ಲಬಾರ್ದಂತ ಸಾವಕಾಶ ಹತ್ತಿದೆ.”

ಶರಣಮ್ಮ ಗಿರಾಕಿಗಳಿಗೆಂದು ಇಟ್ಟ ಪ್ಲಾಸ್ಟಿಕ್ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ ಕೂತಳು.

ಹಿಂದಿನಿಂದ ಯಾರೋ ಗೊಣಗಿದರು: “ಒತ್ತೋ ಗಡಿಗೆಪ್ಪಾ, ಮನ್ಯಾಗ ಅಡಗಿ ಆಗಬೇಕು.”

“ಹೂಂ, ಒತ್ತು. ಒತ್ತಿದ್ರ ಅಳು ಬರ್ತದ. ಅದಕ್ಕ ಅಲ್ಲ ನೀ ಕೂತದ್ದು?” ಅಯ್ಯಮ್ಮ ಕೊರಳು ತಬ್ಬಲು ಸಿದ್ಧಳಾಗಿ ಸೆರಗು ಸರಿ ಮಾಡಿಕೊಂಡಳು.

“ಒತ್ತಲಿಲ್ಲಂದ್ರ?” ಎಂದಳು ಶರಣಮ್ಮ, ಸ್ಟೂಲಿನ ಮೇಲಿಂದ.

“ಹಿಂಗ ಇರ್ತಾಳ್ರಿ ಅಮ್ಮಾ,” ಎಂದ ಅಲ್ತಾಫ್. “ಕೇಳ್ಕೋತ.”

“ಎಲ್ಲೀತನ?”

“ಚಾರ್ಜ್ ಇರೂ ತನಕ.”

“ಹಾಂಗಾದ್ರ ಒತ್ತಬ್ಯಾಡ,” ಎಂದಳು ಶರಣಮ್ಮ.

ಜನ ಬಹಳ ಬೇಸರಗೊಂಡು ಚದುರಿದರು. ಸಾವಿಗೆಂದು ಕಟ್ಟಿದ ಬುತ್ತಿಯನ್ನು ಮನೆಗೆ ವಾಪಸ್ಸು ಒಯ್ಯುವಂತಿಲ್ಲ, ಸಾಯದವರ ಹೆಸರಲ್ಲಿ ಉಣ್ಣುವಂತೆಯೂ ಇಲ್ಲ. ಅಯ್ಯಮ್ಮ ತಲೆ ಕೆಡಿಸಿಕೊಂಡು, ಕೊನೆಗೆ ಎಲ್ಲವನ್ನೂ ಅಲ್ತಾಫನ ಅಂಗಡಿಯಲ್ಲೇ ಬಿಟ್ಟು ಹೋಗಬೇಕೆಂದು ತೀರ್ಪು ಕೊಟ್ಟಳು. ಅಲ್ತಾಫನ ಮನೆಯಲ್ಲಿ ಬಹಳ ದಿನ ಜೋಳದ ರೊಟ್ಟಿಯೇ ನಡೆಯಿತು.

ಬಸ್ಸು ಹತ್ತುವಾಗ ಗಡಿಗೆಪ್ಪ ಅತ್ತೆಯ ಚೀಲ ಎತ್ತಿಕೊಟ್ಟ.

“ಗಂಗಿ ಹ್ಯಾಂಗದಾಳ ಅತ್ತೀ?”

“ಅದಾಳ.” ಶರಣಮ್ಮ ಕಿಟಕಿಯಿಂದ ಬೇರೆ ಕಡೆ ನೋಡಿದಳು. “ಮಂದ್ಯಾಗ ಆಡಿದ ಮಾತು ಅದ. ಮಂದ್ಯಾಗನ ತೀರಬೇಕು. ನಾ ಏನು ಮಾಡ್ಲಿ?”

ವರ್ಷದ ಕಾರ್ಯಕ್ಕೆ ಬಂದಷ್ಟು ಜನ ಮಣ್ಣಿಗೂ ಬಂದಿರಲಿಲ್ಲ. ಗಡಿಗೆಪ್ಪನ ಕಣ್ಣು ಚೆನ್ನಾಗಿ ಕಾಣುವ ಜಾಗಕ್ಕಾಗಿ ಮುಂದಿನ ಸಾಲಿನಲ್ಲಿ ನೂಕಾಟವಾಯಿತು. ಪೋತ್ನಾಳದ ಮುದುಕನೂ ಬಂದಿದ್ದ, ಈ ಸಲ ಓಣಿ ತಪ್ಪದೆ. ಸ್ವಾಮಿಗಳು ಸಮಾಧಿಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಮಂತ್ರ ಮುಗಿಸಿದರು. ಅಯ್ಯಮ್ಮ ಕೊರಳು ತಬ್ಬಿ ತನ್ನ ಜೀವಮಾನದ ಅತ್ಯುತ್ತಮ ಅಳುವನ್ನು ಅತ್ತಳು. ಸ್ವಾಮಿಗಳೇ ಶಲ್ಯದ ತುದಿಯಲ್ಲಿ ಕಣ್ಣೊತ್ತಿಕೊಂಡರು. ಶರಣಮ್ಮನ ಪಕ್ಕದಲ್ಲಿ ಗಂಗೋತ್ರಿ ಹೊಸ ಲಂಗ ಹಿಡಿದು ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ಗಡಿಗೆಪ್ಪ ರೆಪ್ಪೆ ಬಡಿದ. ಗಟ್ಟಿಯಾಗಿ ಮುಚ್ಚಿ ತೆರೆದ. ಏನೂ ಇಲ್ಲ. ಮೇಲೆ ನೋಡಿದ. ಶಾಮಿಯಾನದ ಹಗ್ಗ ಸಡಿಲವಾಗಿತ್ತು.

ಅವನು ಅಯ್ಯಮ್ಮನ ಕೈ ಬಿಡಿಸಿಕೊಂಡು ಶಾಮಿಯಾನದ ಹಿಂದೆ ಹೋದಾಗ ಜನ ‘ಮುಗೀತು’ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶರಣಮ್ಮ ಎದ್ದು ಅವನ ಹಿಂದೆಯೇ ಹೋದಳು. ಅವನು ಗೂಟಕ್ಕೆ ಹಗ್ಗ ಸುತ್ತುತ್ತಿದ್ದ. ಎಷ್ಟು ಸುತ್ತಿದರೂ ಗಂಟು ಬೀಳುತ್ತಿರಲಿಲ್ಲ. ಅವನ ಜೀವನದಲ್ಲಿ ಹಾಗಾದದ್ದು ಅದೇ ಮೊದಲು. ಶರಣಮ್ಮ ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದಳು.

“ಆ ಪೋರಿ ಇನ್ನೂ ಬದುಕ್ಯಾಳೇನ್ರಿ ಅಳಿಯಂದ್ರ?”

“ಬದುಕ್ಯಾಳ್ರಿ ಅತ್ತೀ. ದಿನಾ ಚಾರ್ಜ್ ಹಾಕ್ತೀನಿ.”

ಅವಳು ಅವನ ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಬೇಸಿಗೆಯ ಕೆರೆಯಂತಿದ್ದವು. ಗಂಟು ಬಿಗಿಯಾಗುವವರೆಗೂ ಹಗ್ಗ ಹಿಡಿದಿದ್ದು, ಮುಂದೆ ಬಂದು ಜನರೆದುರು ನಿಂತಳು.

“ಅತ್ತಾನ,” ಎಂದಳು. “ನಾ ನೋಡೀನಿ.”

“ಎಲ್ಲಿ? ನಾವು ನೋಡಲಿಲ್ಲ!”

“ಮಗಳು ನನ್ನಾಕಿ. ನಾ ನೋಡಿದ್ರ ಸಾಕು.”

ಅರಕೇರಾದಿಂದ ಮಾನ್ವಿಯವರೆಗೆ ಶರಣಮ್ಮ ಸುಳ್ಳು ಹೇಳಿದ್ದನ್ನು ಕೇಳಿದವರಿರಲಿಲ್ಲ. ಆದ್ದರಿಂದ ನಂಬಬೇಕಾಯಿತು. ಇಷ್ಟು ದಿನ ಕಾದ ಅಳು ಪರದೆಯ ಹಿಂದೆ ನಡೆದುಹೋಯಿತಲ್ಲ ಎಂದು ಅಯ್ಯಮ್ಮ ಮಾತ್ರ ತಿಂಗಳುಗಟ್ಟಲೆ ಕೊರಗಿದಳು.

ಸಂಜೆ ಶರಣಮ್ಮ ಒಬ್ಬಳೇ ಬಸ್ಸು ಹತ್ತಿದಳು. ಮನೆಯಲ್ಲಿ ಗಂಗೋತ್ರಿ ಮೂಲೆ ಮೂಲೆ ಸುತ್ತಿ, ಗೂಡಿನಲ್ಲಿ ಚಾರ್ಜಿಗಿಟ್ಟ, ದಾರ ಸುತ್ತಿದ ಫೋನು ಹುಡುಕಿ ತೆಗೆದಳು. ಗಡಿಗೆಪ್ಪ ಅವಳ ಕೈಯಿಂದ ಅದನ್ನು ಹುಷಾರಾಗಿ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡ.

“ಯಾರಪ್ಪಾ ಈಕಿ? ಏನಂತಾಳ?”

“ನೀರಡಿಕಿ ಆಗ್ಯಾದಂತ.”

“ಮತ್ತ ತಂದ್ಕೊಡು.”

“ಹೋದ್ರ ಆಕಿ ಒಬ್ಬಾಕಿ ಆಗ್ತಾಳವ್ವಾ.”

ಗಂಗೋತ್ರಿಗೆ ಅದು ದೊಡ್ಡ ಸಮಸ್ಯೆಯಾಗಿ ಕಾಣಲಿಲ್ಲ. “ನೀ ಕೂಡು. ನಾ ತರ್ತೀನಿ,” ಎಂದು ಅಡುಗೆಮನೆಗೆ ಓಡಿದಳು.

ಒಳಗೆ ಕೊಡದ ಮುಚ್ಚಳ ಬಿದ್ದ ಸದ್ದಾಯಿತು. ಲೋಟ ಹುಡುಕಿದ ಸದ್ದಾಯಿತು. ಗಡಿಗೆಪ್ಪ ಏಳಲಿಲ್ಲ, ಏನನ್ನೂ ಒತ್ತಲಿಲ್ಲ. ಮುಟ್ಟದೆ ಬಿಟ್ಟ ಪರದೆ ತಾನೇ ಮಬ್ಬಾಯಿತು, ಆಮೇಲೆ ಕಪ್ಪಾಯಿತು. ಗಂಗೋತ್ರಿ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲಬಾರದೆಂದು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಬಗ್ಗಿ ಫೋನು ನೋಡಿದಳು.

“ಮಲಗಿದ್ಲೇನಪ್ಪಾ?”

“ಹೂಂ.”

“ನಾ ಬರೂತನ ಕೂಡು ಅಂದಿದ್ದೆ.”

“ಕೂತೇ ಇದ್ದೆನವ್ವಾ,” ಎಂದ ಗಡಿಗೆಪ್ಪ.